ಎಳೆಯುವ ಗಾಡಿ, ತಳ್ಳುವ ಟ್ರೇಲರ್

ದಾವಣಗೆರೆಯಿಂದ ಹರಿಹರಕ್ಕೆ ಹಳೇ ಪಿ.ಬಿ. ರಸ್ತೆ ಹಿಡಿದರೆ, ಬಾತಿ ಊರು ಬರುವ ಮುಂಚೆ ಎಡಕ್ಕೊಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡು ಇಲ್ಲ. ಯಾಕಿರಬೇಕು ಹೇಳಿ? ಆನಗೋಡಿನಿಂದ ಹಿಡಿದು ಕಡರನಾಯಕನಹಳ್ಳಿಯವರೆಗೆ ಟ್ರ್ಯಾಕ್ಟರ್ ಇಟ್ಟವರಿಗೆಲ್ಲ ಅದು ಜಾಫರ್ ಸಾಬರ ಶೆಡ್ಡು ಅಂತ ಗೊತ್ತು. ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಹುಕ್ಕು ಮಾಡುವುದರಲ್ಲಿ ಆ ಮನುಷ್ಯನ ಸರಿಸಮ ಈ ಕಡೆ ಯಾರೂ ಇಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದಿರಲಿ, ಜಾಫರ್ ಸಾಬರೇ ಹೇಳುತ್ತಿದ್ದರು.

ವಯಸ್ಸು ಐವತ್ತಾರು. ಮೂವತ್ತು ವರ್ಷ ವೆಲ್ಡಿಂಗಿನ ಬೆಳಕು ನೋಡಿ ಕಣ್ಣು ಸದಾ ಕೆಂಪು. ಅವರ ಕೆಲಸಕ್ಕೊಂದು ಪದ್ಧತಿ ಇತ್ತು. ಹುಕ್ಕು ಬೆಸೆದು, ಆರಿದ ಮೇಲೆ, ಬಿಸ್ಮಿಲ್ಲಾ ಅಂದು ತಾವೇ ಅದರ ಮೇಲೆ ಹತ್ತಿ ನಿಂತು ಮೂರು ಸಲ ಧಡ್ ಧಡ್ ಎಂದು ಕುಣಿಯುವುದು. ಕುಣಿದಾದ ಮೇಲೆ ಗಿರಾಕಿಯ ಮುಖ ನೋಡಿ, "ಟ್ರೇಲರ್ ಮುರಿದೀತು, ಇದು ಮುರಿಯಂಗಿಲ್ಲ, ತಗಂಡು ಹೋಗ್ರಿ" ಅನ್ನುವುದು. ಅದೇ ಗ್ಯಾರಂಟಿ ಕಾರ್ಡು. ಮೂವತ್ತು ವರ್ಷದಲ್ಲಿ ಒಂದು ಹುಕ್ಕೂ ಮುರಿದಿರಲಿಲ್ಲ, ಆ ಮಾತು ಸುಳ್ಳಲ್ಲ.

ಆದರೆ ಒಂದು ಖೋಡಿ ಗುಣವಿತ್ತು. ತಮ್ಮ ಕೆಲಸದಲ್ಲಿ ಹುಳುಕು ತೆಗೆದರೆ ಆಗುತ್ತಿರಲಿಲ್ಲ. ಹೆಂಡತಿ ಬಿಲ್ಕೀಸ್ ಮನೆಯ ಕಿಟಕಿಯ ಸರಳು ಸೊಟ್ಟಗಿದೆ ಅಂದದ್ದಕ್ಕೆ ಗೋಡೆಯೇ ಸೊಟ್ಟಗಿದೆ ಎಂದು ಮೂರು ದಿನ ವಾದ ಮಾಡಿದ ಆಸಾಮಿ ಇವರು.

ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸನೋಬರ್, ಇಪ್ಪತ್ತೇಳು ವರ್ಷ. ಅವಳಿಗೆ ಹದಿನೆಂಟಾದಾಗ ಸಾಬರು ಶೆಡ್ಡಿಗೆ ಬಂದ ಟ್ರ್ಯಾಕ್ಟರಿನ ಮೇಲೆ ಕೂರಿಸಿ ಸ್ಟೇರಿಂಗು ಹಿಡಿಸಿದರು. ಓಣಿಯವರು ಆಡಿಕೊಂಡರು. ಸಾಬರು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅವಳು ದಾವಣಗೆರೆಯಲ್ಲಿ ಶಾಲೆಯ ವ್ಯಾನು ಓಡಿಸುತ್ತಾಳೆ, ರಜೆಯ ದಿನ ಮದುವೆ ಅಡುಗೆಯ ಕಂಪನಿಯವರ ಗಾಡಿ ಓಡಿಸುತ್ತಾಳೆ. ಚಿಕ್ಕವಳು ಆಲಿಯಾ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ. ದೊಡ್ಡವಳ ಕೈ ನನ್ನದು, ಚಿಕ್ಕವಳ ತಲೆ ಅವರಮ್ಮನದು ಎಂದು ಸಾಬರು ಬೀಗುತ್ತಿದ್ದರು.

ಆ ಅಡುಗೆ ಕಂಪನಿಯ ಯಜಮಾನ ಅಂಜನಕುಮಾರ ಒಂದು ಸೋಮವಾರ ಶೆಡ್ಡಿನ ಮುಂದೆ ಬಂದಿಳಿದ. ಇಳಿದದ್ದು ಎಂಥ ಕಾರಿನಿಂದ ಅಂತೀರಿ! ಬೆಂಗಳೂರಿನಲ್ಲಿ ಯಾರೋ ಶ್ರೀಮಂತರು ಎರಡು ವರ್ಷ ಓಡಿಸಿ ಬಿಟ್ಟದ್ದು, ಕರ್‍ರಗೆ ಆನೆಯ ಹಾಗೆ ನಿಂತಿತ್ತು. ಬಾಗಿಲು ಹಾಕಿದರೆ ಸದ್ದೇ ಇಲ್ಲ. ಅದರ ಹಿಂದೆ, ಲಾರಿಯ ಮೇಲೆ, ಗೋವಾದಿಂದ ತರಿಸಿದ ಅಡುಗೆಮನೆಯ ಟ್ರೇಲರ್ ಬಂತು. ಒಲೆ, ಸಿಂಕು, ನೀರಿನ ಟ್ಯಾಂಕು ಎಲ್ಲ ಒಳಗೇ ಇರುವ ಎರಡು ಚಕ್ರದ ಡಬ್ಬ.

"ಸಾಬ್ರೆ, ಭಾನುವಾರ ಕಡರನಾಯಕನಹಳ್ಳಿ ದಾರ್‍ಯಾಗೆ ಮದುವೆ ಐತೆ. ಆರುನೂರು ಜನಕ್ಕೆ ಊಟ. ಈ ಗಾಡಿಗೆ ಹುಕ್ಕು ಹಾಕ್ಕೊಡ್ರಿ, ಇದನ್ನ ಎಳಕೊಂಡು ಹೋಗಬೇಕು. ಮಂದಿ ಬಾಯಿ ಬಿಟ್ಕಂಡು ನೋಡ್ಬೇಕು ನೋಡ್ರಿ," ಎಂದ ಅಂಜನಕುಮಾರ. ಬೋಲ್ಟು ಎಲ್ಲಿ ಕೂರಿಸಬೇಕು ಅನ್ನುವ ಚಿತ್ರ ಇದರಲ್ಲಿದೆ ಎಂದು ಗಾಡಿಯ ದಪ್ಪ ಪುಸ್ತಕವನ್ನೂ ಕೊಟ್ಟು ಹೋದ.

ಸಾಬರು ಹುಕ್ಕು ಕೂರಿಸಿದರು. ಹತ್ತಿ ಮೂರು ಸಲ ಕುಣಿದರು. ಆನೆಯಂಥ ಗಾಡಿ ಸ್ವಲ್ಪವೂ ಮಿಸುಕಲಿಲ್ಲ. ಆಮೇಲೆ ಟ್ರೇಲರಿನ ಮೂತಿ ನೋಡಿದರು. ಅಲ್ಲೊಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಹುಕ್ಕಿಗೆ ಸಿಕ್ಕಿಸುವ ದಂಡ, ಹರಿದ ರಬ್ಬರಿನ ತೊಗಲೊಳಗೆ, ಮೂರು ನಾಲ್ಕು ಇಂಚು ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ತಳ್ಳಿದರೆ ಟಕ್, ಎಳೆದರೆ ಟಕ್.

"ಗೋವಾದವ್ರು ಸವೆದ ಮಾಲು ಕೊಟ್ಟು ಟೋಪಿ ಹಾಕ್ಯಾರೆ ನಮ್ಮ ಹುಡುಗನಿಗೆ," ಎಂದು ನಕ್ಕರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ದಂಡ ಅಲ್ಲಾಡಿತೆಂದರೆ ಅದು ಸವೆದಿದೆ ಎಂದೇ ಅರ್ಥ. ಅಲ್ಲಾಡಿದ್ದನ್ನು ಬೆಸೆಯಬೇಕು, ಅದು ಅವರ ಮೂವತ್ತು ವರ್ಷದ ವಿದ್ಯೆ. ರಬ್ಬರು ಕಿತ್ತು ಬಿಸಾಕಿ, ದಂಡವನ್ನು ಸುತ್ತಲೂ ಗಟ್ಟಿಯಾಗಿ ಬೆಸೆದುಬಿಟ್ಟರು. ಅದಕ್ಕೆ ಕಾಸೂ ತೆಗೆದುಕೊಳ್ಳಲಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಗುರುವಾರ ಕಂಪನಿಯ ಹಳೇ ಡ್ರೈವರ್ ಕೊಟ್ಟೂರಪ್ಪ ಟ್ರೇಲರ್ ಸಿಕ್ಕಿಸಿಕೊಂಡು ಒಂದು ಸುತ್ತು ಹೋಗಿ ಬಂದ. ಲಾರಿ ಓಡಿಸಿ ತಲೆ ನೆರೆದವನು. ಇಳಿದಾಗ ಮುಖ ಸಪ್ಪಗಿತ್ತು.

"ಜಾಫರಣ್ಣ, ಇದು ಸರಿ ಇಲ್ಲೋ. ಬ್ರೇಕ್ ತುಳಿದ್ರ ಹಿಂದಿಂದ ಯಾರೋ ಒದ್ದಂಗೆ ಆಗ್ತೈತೆ. ಗಾಡಿ ಮೂತಿ ಬ್ಯಾರೆ ಮ್ಯಾಲಕ್ಕೆ ಎದ್ದು ಸ್ಟೇರಿಂಗು ಹಗುರ ಆಗೇತಿ."

"ವಯಸ್ಸಾತು ಕೊಟ್ಟೂರಣ್ಣ, ನಿಂಗೆ. ಕೋಟಿ ರೂಪಾಯಿ ಗಾಡಿ ನೋಡಿ ಕೈ ನಡುಗ್ಯಾವೆ. ಹೋಗು, ಎತ್ತಿನ ಗಾಡಿ ಹೊಡಿ," ಎಂದರು ಸಾಬರು. ಶೆಡ್ಡಿನಲ್ಲಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕರು. ಕೊಟ್ಟೂರಪ್ಪ ನಗಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು, ಗಾಡಿ ಟ್ರೇಲರ್ ಎರಡನ್ನೂ ಕಂಪನಿಗೆ ಒಯ್ದ.

ಶನಿವಾರ ಮಧ್ಯಾಹ್ನ ಊಟ ತಂದ ಆಲಿಯಾ, ಅಪ್ಪ ಕೈ ತೊಳೆಯುವ ಹೊತ್ತಿಗೆ ಬೆಂಚಿನ ಮೇಲೇ ಉಳಿದಿದ್ದ ಆ ದಪ್ಪ ಪುಸ್ತಕ ತೆರೆದಳು. ಓದುವ ಹುಡುಗಿಗೆ ಪುಸ್ತಕ ಕಂಡರೆ ಸುಮ್ಮನಿರಲಾಗುತ್ತದೆಯೇ?

"ಅಬ್ಬಾ, ಇದ್ರಾಗೆ ಎಷ್ಟು ಭಾರ ಎಳೀಬಹುದು ಅಂತ ಲೆಕ್ಕ ಐತೆ ನೋಡ್ರಿ. ಬ್ರೇಕ್ ಇರೋ ಟ್ರೇಲರ್ ಆದ್ರೆ ಮೂರು ಸಾವಿರ ಕಿಲೋ. ಬ್ರೇಕ್ ಇಲ್ಲದ್ದಾದ್ರೆ ಏಳುನೂರ ಐವತ್ತೇ."

"ಅದ್ಯಾಕೆ ಹಂಗೆ? ಹುಕ್ಕು ಒಂದೇ ಅಲ್ಲೇನು?" ಎಂದರು ಸಾಬರು, ರೊಟ್ಟಿ ಮುರಿಯುತ್ತ.

"ಹುಕ್ಕಿನ ಪ್ರಶ್ನೆ ಅಲ್ಲಬ್ಬಾ. ಎಳೆಯೋದು ಸುಲಭ, ನಿಲ್ಲಿಸೋದು ಕಷ್ಟ ಅಂತ ಬರದಾರೆ. ಟ್ರೇಲರಿಗೆ ಅದರದ್ದೇ ಬ್ರೇಕ್ ಇಲ್ಲಾಂದ್ರೆ ಅದು ಹಿಂದಿಂದ ಗಾಡೀನ ತಳ್ತೈತೆ. ಇನ್ನೊಂದು ಐತೆ ನೋಡ್ರಿ. ಹುಕ್ಕಿನ ಮ್ಯಾಲೆ ಕೆಳಮುಖ ಒತ್ತೋ ಭಾರ ನೂರಿಪ್ಪತ್ತು ಕಿಲೋ ದಾಟಬಾರದಂತೆ. ದಾಟಿದ್ರೆ ಗಾಡಿ ಹಿಂದೆ ಕುಸಿದು ಮುಂದಿನ ಚಕ್ರ ಹಗುರಾಗ್ತಾವೆ."

ಸಾಬರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಟ್ರೇಲರ್ ಬರಿದೇ ಸಾವಿರದ ನಾನೂರು ಕಿಲೋ. ಸಾಮಾನು ತುಂಬಿದರೆ ಎರಡು ಸಾವಿರ. ನೀರಿನ ಕ್ಯಾನು, ಅಕ್ಕಿಚೀಲ ಎಲ್ಲ ಮುಂದಕ್ಕೇ ಹಾಕ್ರಿ ಎಂದು ಗುರುವಾರ ಕಂಪನಿಯ ಹುಡುಗರಿಗೆ ಹೇಳಿದ್ದೂ ತಾವೇ. ಟ್ರ್ಯಾಕ್ಟರಿಗೆ ಹಾಗೇ ತುಂಬುವುದು, ಹಿಂದಿನ ಗಾಲಿಗೆ ಹಿಡಿತ ಸಿಗಲಿ ಅಂತ.

"ಬ್ರೇಕ್ ಇರೋ ಟ್ರೇಲರ್ ಅಂದ್ರೆ ಹೆಂಗಿರ್‍ತೈತೆ? ಚಿತ್ರ ಐತೇನು?" ಎಂದು ಕೇಳಿದರು. ದನಿ ಸಣ್ಣಗಾಗಿತ್ತು.

ಆಲಿಯಾ ಪುಟ ತಿರುವಿ ತೋರಿಸಿದಳು. ಚಿತ್ರದಲ್ಲಿ ಅದೇ ದಂಡ. ಅದೇ ರಬ್ಬರಿನ ತೊಗಲು. ಮುಂದಿನ ಗಾಡಿ ಬ್ರೇಕ್ ಹಿಡಿದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದೆ, ಆಗ ದಂಡ ಒಳಕ್ಕೆ ಜಾರಿ ಟ್ರೇಲರಿನ ಚಕ್ರಗಳ ಬ್ರೇಕನ್ನು ಎಳೆಯುತ್ತದೆ. ಆ ಜಾರಾಟ ಸವೆತವಲ್ಲ. ಅದೇ ಬ್ರೇಕು. ಅದನ್ನೇ ಸಾಬರು ಬೆಸೆದು ಮುಚ್ಚಿದ್ದರು.

ಸಾಬರು ತಟ್ಟೆ ಪಕ್ಕಕ್ಕೆ ಸರಿಸಿದರು. ಮಗಳು "ಏನಾಯ್ತಬ್ಬಾ?" ಅಂದರೆ "ಖಾರ ಜಾಸ್ತಿ ಆಗೇತಿ" ಎಂದು ನೀರು ಕುಡಿದರು.

ಅವಳು ಹೋದ ಮೇಲೆ ಅಂಜನಕುಮಾರನಿಗೆ ಫೋನು ಮಾಡಿದರು. ಹೇಳಬೇಕೆಂದೇ ಮಾಡಿದ್ದು. ಆದರೆ ಆ ಕಡೆಯವನು ಬಾಯಿ ತೆರೆಯಲು ಬಿಟ್ಟರೆ ತಾನೆ! "ಸಾಬ್ರೆ, ನೂರು ವರ್ಷ ಆಯಸ್ಸು ನಿಮಗೆ! ಈಗಿನ್ನೂ ನಿಮ್ಮ ಸುದ್ದೀನೇ ಹೇಳ್ತಿದ್ದೆ. ಹುಕ್ಕು ಹಾಕಿದ್ದು ಯಾರು ಅಂತ ಮದುವೆ ಮನೆ ಬೀಗರು ಕೇಳಿದ್ರು. ಜಾಫರ್ ಸಾಬ್ರು ಅಂದೆ. ಹಂಗಾದ್ರೆ ಚಿಂತೆ ಇಲ್ಲ ಬಿಡ್ರಿ ಅಂದ್ರು!" ಸಾಬರು ಹೂಂ ಅಂದರು. ಮತ್ತೊಮ್ಮೆ ಹೂಂ ಅಂದರು. ಫೋನು ಇಟ್ಟರು.

ಆಮೇಲೆ ಮನಸ್ಸು ವಕೀಲಿ ಶುರು ಮಾಡಿತು. ಬರೀ ಇಪ್ಪತ್ತು ಕಿಲೋಮೀಟರ್ ದಾರಿ. ಓಡಿಸುವವನು ಕೊಟ್ಟೂರಪ್ಪ, ಘಾಟಿಯಲ್ಲಿ ಲಾರಿ ಇಳಿಸಿದ ಕೈ. ನಿಧಾನ ಹೋಗುತ್ತಾನೆ. ಸೋಮವಾರ ಟ್ರೇಲರ್ ವಾಪಸು ತರಿಸಿಕೊಂಡು, ಏನೋ ನೆಪ ಹೇಳಿ, ಬೆಸುಗೆ ಕತ್ತರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆಲ್ಲ ಅಂದುಕೊಂಡರು. ಥೂ, ಅಂದುಕೊಂಡರಲ್ಲ! ಆದರೂ ಸಂಜೆ ನಮಾಜಿಗೆ ನಿಂತವರಿಗೆ ಎಷ್ಟು ಸಲ ಬಾಗಿ ಎದ್ದೆ, ಎಷ್ಟನೆಯ ರಕಾತು ಎಂಬುದೇ ಮರೆತುಹೋಯಿತು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಚಹಾ ಕುಡಿಯುತ್ತ, "ಸನೋಬರ್ ಎದ್ದಿಲ್ಲೇನು?" ಎಂದು ಕೇಳಿದರು.

"ಆವಾಗ್ಲೇ ಹೋದ್ಲಲ್ರಿ," ಎಂದರು ಬಿಲ್ಕೀಸ್. "ಕೊಟ್ಟೂರಪ್ಪಂಗೆ ಬಿ.ಪಿ. ಅಂತೆ, ಬರಲ್ಲ ಅಂದನಂತೆ. ಆ ದೊಡ್ಡ ಗಾಡಿ ನೀನೇ ತಗಂಡು ಬಾರವ್ವ ಅಂತ ಅಂಜನಕುಮಾರ ಫೋನ್ ಮಾಡಿದ್ದ. ಎಂಟಕ್ಕೇ ಹೊಂಟ್ಲು. ಹರಿಹರದಾಗೆ ರಜಾಕ್ ಭಾಯಿ ಅಂಗಡೀಲಿ ಮಟನ್ ಏರಿಸ್ಕೊಂಡು ಮುಂದಕ್ಕೆ ಹೋಗ್ತಾಳಂತೆ. ಎಷ್ಟು ಖುಷಿ ಆಗಿತ್ತು ಗೊತ್ತೇನು ಹುಡುಗೀಗೆ!"

ಕಪ್ಪು ಕೆಳಗೆ ಬಿತ್ತು. ಒಡೆದದ್ದನ್ನು ನೋಡಲೂ ನಿಲ್ಲದೆ ಸಾಬರು ಚಪ್ಪಲಿಯಿಲ್ಲದ ಕಾಲಿನಲ್ಲೇ ಸ್ಕೂಟರು ಒದ್ದರು. ಬಿಲ್ಕೀಸ್ ಹಿಂದಿನಿಂದ "ಯಾ ಅಲ್ಲಾ, ಏನಾಯ್ತ್ರಿ?" ಎಂದು ಕೂಗುತ್ತಲೇ ಇದ್ದರು.

ಸನೋಬರಳ ಫೋನು ರಿಂಗಾಗುತ್ತಿತ್ತು, ಅವಳು ಎತ್ತುತ್ತಿರಲಿಲ್ಲ. ಎತ್ತುವುದೂ ಇಲ್ಲ. ಸ್ಟೇರಿಂಗು ಹಿಡಿದಾಗ ಫೋನು ಮುಟ್ಟಿದರೆ ನನ್ನ ಮಗಳೇ ಅಲ್ಲ ಎಂದು ಕಲಿಸಿದವರು ಇವರೇ. ದಾರಿಯುದ್ದಕ್ಕೂ ಸಾಬರು ರಸ್ತೆಯ ಬದಿ ನೋಡುತ್ತ ಹೋದರು. ಎಲ್ಲಿ ಜನ ಗುಂಪುಗೂಡಿದ್ದರೂ ಜೀವ ಬಾಯಿಗೆ ಬರುತ್ತಿತ್ತು. ಬಾತಿಯ ಹತ್ತಿರ ಒಂದು ಗುಂಪು ಕಂಡು ಸ್ಕೂಟರು ನಿಧಾನ ಮಾಡಿದರು. ನೋಡಿದರೆ ಕಲ್ಲಂಗಡಿ ಮಾರುವವನು. ಮೂಗಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಹರಿಹರದಲ್ಲಿ ರಜಾಕನ ಮಟನ್ ಅಂಗಡಿಯ ಮುಂದೆ ಗಾಡಿ ಇರಲಿಲ್ಲ. "ಈಗ, ಹತ್ತು ನಿಮಿಷ ಆಗಿರಬೇಕು ಭಾಯ್," ಎಂದ ರಜಾಕ್. "ಒಂದೂವರೆ ಕ್ವಿಂಟಾಲ್ ಏರಿಸಿದ್ವಿ. ಚಕ್ರ ಕೂತ್ಕಂಡು ಬಿಟ್ಟಿತ್ತು ನೋಡ್ರಿ. ಬೇಟಿ ಭಾಳ ಹುಷಾರದಾಳೆ ಬಿಡ್ರಿ." ಸಾಬರಿಗೆ ಅವನ ಮಾತು ಪೂರ್ತಿ ಕೇಳುವ ಶಕ್ತಿ ಇರಲಿಲ್ಲ.

ಕಡರನಾಯಕನಹಳ್ಳಿಯ ದಾರಿಯಲ್ಲಿ ಕೊನೆಗೂ ಟ್ರೇಲರಿನ ಬೆನ್ನು ಕಂಡಿತು. ಎರಡೂ ಕಡೆ ಕೊಯ್ಲಾದ ಭತ್ತದ ಗದ್ದೆ. ನಡುವೆ ಇಕ್ಕಟ್ಟು ರಸ್ತೆ. ಟ್ರೇಲರ್ ಸಣ್ಣಗೆ ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು. ಸಾಬರು ಹಾರ್ನು ಒತ್ತಿ ಹಿಡಿದು ಪಕ್ಕಕ್ಕೆ ನುಗ್ಗಿದರು, ದಾಟಿ ಮುಂದೆ ಹೋದರು, ನಿಲ್ಲಿಸು ಎಂದು ಹೇಳಲು ಕೈ ಎತ್ತಹೋದರು.

ಕೈ ಅರ್ಧಕ್ಕೇ ನಿಂತಿತು.

ಮುಂದೆ ಇನ್ನೂರು ಮಾರಿಗೆ ರಸ್ತೆ ಕೆಳಗಿಳಿಯುತ್ತಿತ್ತು. ಇಳಿಜಾರಿನ ಕೊನೆಗೆ ಭದ್ರಾ ಚಾನಲ್, ಅದರ ಮೇಲೆ ಒಂದೇ ಗಾಡಿ ಹಿಡಿಯುವ ಸೇತುವೆ, ಮೊಣಕಾಲೆತ್ತರದ ಗೋಡೆ. ಸೇತುವೆಯ ಮೇಲೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಎದುರಿಗೆ ಬರುತ್ತಿತ್ತು. ಅಪ್ಪ ಅಡ್ಡ ಬಂದು ಕೈ ಎತ್ತಿದರೆ ಮಗಳು ಏನು ಮಾಡುತ್ತಾಳೆ? ಗಾಬರಿಯಾಗಿ ಗಕ್ಕನೆ ಬ್ರೇಕ್ ತುಳಿಯುತ್ತಾಳೆ. ಎರಡು ಸಾವಿರ ಕಿಲೋ ಹಿಂದಿನಿಂದ ಒದೆಯುತ್ತದೆ. ಹಗುರಾದ ಮುಂದಿನ ಚಕ್ರ ತಿರುಗಿಸಿದ ಕಡೆಗೆ ತಿರುಗುವುದಿಲ್ಲ. ಗಾಡಿ ನಡು ಮುರಿದ ಹಾಗೆ ಅಡ್ಡ ತಿರುಗಿ ನೇರ ನೀರಿಗೆ. ಹುಕ್ಕು ಬಿಟ್ಟುಕೊಂಡರಾದರೂ ಗಾಡಿ ಉಳಿದೀತು. ಆದರೆ ಹುಕ್ಕು ಬಿಟ್ಟುಕೊಳ್ಳುವುದಿಲ್ಲ. ಜಾಫರ್ ಸಾಬರ ಹುಕ್ಕು ಅದು. ಟ್ರೇಲರಿನ ಜೊತೆ ಮಗಳನ್ನೂ ಎಳೆದುಕೊಂಡೇ ಹೋಗುತ್ತದೆ.

ತಮ್ಮ ಕೆಲಸ ಗಟ್ಟಿಯಾಗಿದೆ ಎಂದು ಮನುಷ್ಯ ಹೆದರಿದ್ದು ಅದೇ ಮೊದಲು.

ಸ್ಕೂಟರು ನಿಧಾನ ಮಾಡಿ ಕಿಟಕಿಯ ಪಕ್ಕಕ್ಕೆ ಬಂದರು. ಗಾಜು ಏರಿತ್ತು. ಒಳಗೆ ಸನೋಬರ್ ಎರಡೂ ಕೈಯಲ್ಲಿ ಸ್ಟೇರಿಂಗು ಬಿಗಿಹಿಡಿದು ಕೂತಿದ್ದಳು. ಅಪ್ಪನನ್ನು ಕಂಡು ಕಣ್ಣರಳಿಸಿದಳು. ಸಾಬರು ಗಾಜಿಗೆ ಗುದ್ದಿದರು. ಗಾಜು ಇಳಿಯಿತು.

"ಏನಾಯ್ತಬ್ಬಾ? ಅಮ್ಮೀಗೆ ಏನಾರ? ತಾಳ್ರಿ, ನಿಲ್ಲಿಸ್ತೀನಿ."

"ನಿಲ್ಲಿಸಬ್ಯಾಡ! ಬ್ರೇಕ್ ಮುಟ್ಟಬ್ಯಾಡ!" ಗಂಟಲು ಹರಿಯುವ ಹಾಗೆ ಕೂಗಿದರು. "ಆಕ್ಸಿಲೇಟರ್ ಬಿಡು! ಗೇರ್ ಇಳಿಸು! ಒಂದೊಂದೇ ಇಳಿಸು, ಬೇಟಾ!"

ಕೇಳಿದಳು. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಎಂಜಿನ್ನು ಗುರ್‍ರೆಂದಿತು, ಓಟ ತಗ್ಗಿತು, ಆದರೆ ಇಳಿಜಾರು ಶುರುವಾಗಿಬಿಟ್ಟಿತ್ತು. ಹಿಂದಿನ ಭಾರ ತಳ್ಳತೊಡಗಿತು. ಎದುರಿನ ಟ್ರ್ಯಾಕ್ಟರಿನವನು ಸೇತುವೆಯ ನಡುವೆ ನಿಂತು ಹಾರ್ನು ಬಾರಿಸಿದ. ಅವನಾದರೂ ಎಲ್ಲಿಗೆ ಹೋದಾನು? ಸಾಬರು ಕಣ್ಣು ಹಾಯಿಸಿದರು. ಎಡಕ್ಕೆ, ಗದ್ದೆಗೆ ಗಾಡಿ ಇಳಿಸಲು ಮಣ್ಣಿನ ದಾರಿ. ಸ್ಕೂಟರನ್ನು ಮುಂದಕ್ಕೆ ಓಡಿಸಿ ತಾವೇ ಆ ದಾರಿಗೆ ಇಳಿದು, ಮಣ್ಣಿನಲ್ಲಿ ಬಿದ್ದು, ಎದ್ದು, ಎರಡೂ ಕೈ ಬೀಸಿ ಕರೆದರು. "ಇತ್ತ ಬಾ! ಇತ್ತ! ಮೆಲ್ಲಕೆ!"

ಸನೋಬರ್ ಬ್ರೇಕ್ ಮುಟ್ಟಲಿಲ್ಲ. ಆಮೇಲೆ ಹೇಳಿದಳು, ತುಳಿ ತುಳಿ ಎಂದು ಕಾಲೇ ಹೇಳುತ್ತಿತ್ತಂತೆ. ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಗಾಡಿ ಗದ್ದೆಗೆ ಇಳಿಯಿತು, ಟ್ರೇಲರ್ ಒಂದೇ ಚಕ್ರದ ಮೇಲೆ ಎದ್ದಿತು, ಒಳಗೆ ಅಡುಗೆಯ ದೊಡ್ಡ ಡೇಗುಗಳು ಉರುಳಿದ ಸದ್ದು ಊರಿಗೇ ಕೇಳಿಸುವಂತೆ ಬಂತು. ಆಮೇಲೆ ಧಡಕ್ಕೆಂದು ಕೂತಿತು. ಮೆತ್ತನೆಯ ಮಣ್ಣಿನಲ್ಲಿ ಚಕ್ರ ಹೂತು ಗಾಡಿ ತಾನಾಗಿಯೇ ನಿಂತಿತು. ಚಾನಲ್ ಅಲ್ಲಿಂದ ಮೂವತ್ತು ಹೆಜ್ಜೆ.

ಸಾಬರು ಓಡಿ ಬಾಗಿಲು ತೆಗೆದು ಮಗಳ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಬಿಕ್ಕಿ ಬಿಕ್ಕಿ ಅತ್ತರು.

"ಬಾತಿಯಿಂದಲೇ ಯಾರೋ ತಳ್ಳಿದಂಗೆ ಆಗ್ತಿತ್ತಬ್ಬಾ," ಎಂದಳು ಅವಳು, ಬೆವರು ಒರೆಸಿಕೊಳ್ಳುತ್ತ. "ನಂಗೇ ಓಡ್ಸೋಕೆ ಬರ್ತಿಲ್ಲ ಅಂದ್ಕೊಂಡೆ. ನಿಮ್ಮ ಕೆಲಸ ಅಲ್ವಾ, ಅದ್ರಾಗೆ ತಪ್ಪಿರಲ್ಲ ಅಂತ."

ಆ ಮಾತಿಗಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು. ಸಾಬರು ಅವಳನ್ನು ಟ್ರೇಲರಿನ ಮುಂದಕ್ಕೆ ಕರೆದುಕೊಂಡು ಹೋಗಿ, ಬೆಸೆದ ಜಾಗ ತೋರಿಸಿದರು. ಏನನ್ನೂ ಮುಚ್ಚಿಡಲಿಲ್ಲ. ದಂಡ, ರಬ್ಬರು, ಶನಿವಾರ ಆಲಿಯಾ ಓದಿದ ಪುಟ, ಅಂಜನಕುಮಾರನ ಹೊಗಳಿಕೆಗೆ ಹೂಂ ಅಂದದ್ದು, ಸೋಮವಾರ ನೋಡಿಕೊಂಡರಾಯಿತು ಅಂದುಕೊಂಡದ್ದು. ಅವಳೆದುರಿಗೇ ಅಂಜನಕುಮಾರನಿಗೂ ಫೋನು ಮಾಡಿದರು. "ತಪ್ಪು ನಂದು ಕಣಪ್ಪ. ಬ್ರೇಕ್ ಇರೋ ಟ್ರೇಲರನ್ನ ನಾನೇ ಬ್ರೇಕ್ ಇಲ್ಲದಂಗೆ ಮಾಡಿದೆ. ಈ ಗಾಡಿಗೆ ಇದನ್ನ ಕಟ್ಟಬ್ಯಾಡ. ಮಂದೀಗೂ ಹೇಳು, ಜಾಫರ್ ಸಾಬ ಕೆಡಿಸಿದ ಅಂತ." ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಅಂಥ ಮಾತು ಬಂದದ್ದು ಕೇಳಿದವರಿಲ್ಲ. ಅಂಜನಕುಮಾರ ಬೈದ, ಆಮೇಲೆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದ. ಸೇತುವೆಯ ಮೇಲಿದ್ದ ಟ್ರ್ಯಾಕ್ಟರಿನವನು ಊರಿಗೆ ಹೋಗಿ ಖಾಲಿ ಟ್ರೇಲರ್ ತರುತ್ತೇನೆ, ಸಾಮಾನೆಲ್ಲ ಅದಕ್ಕೇರಿಸಿ ಎಂದು ಹೇಳಿ ಹೋದ.

ಅಪ್ಪ ಮಗಳು ಗದ್ದೆಯ ಬದುವಿನ ಮೇಲೆ ಕೂತರು. ಸಾಬರ ಕಾಲಿನಿಂದ ರಕ್ತ ಬರುತ್ತಿತ್ತು, ಸನೋಬರ್ ದುಪಟ್ಟಾದ ಅಂಚು ಹರಿದು ಕಟ್ಟಿದಳು. ಗಂಟು ಹಾಕಿದಳು. ಹಾಕಿದ ಮೇಲೂ ತಲೆ ಎತ್ತಲಿಲ್ಲ.

"ಅಬ್ಬಾ, ಒಂದು ಕೇಳ್ಲಾ?"

"ಕೇಳವ್ವ."

"ಇವತ್ತು ಕೊಟ್ಟೂರಪ್ಪಣ್ಣನೇ ಓಡಿಸ್ಕೊಂಡು ಬಂದಿದ್ರೆ, ನೀವು ಹಿಂದೆ ಬರ್ತಿದ್ರಾ?"

ಜಾಫರ್ ಸಾಬರು ಸುಳ್ಳು ಹೇಳಬಹುದಿತ್ತು, ಬೇರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಇಲ್ಲ," ಎಂದರು.

ಸನೋಬರ್ ಅಪ್ಪನ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು, ಗಾಡಿಯ ಕಡೆಗೆ ಒಬ್ಬಳೇ ನಡೆದಳು.